ಲೇಸರ್ ಬೆಳಕಿನಲ್ಲಿ ಹರಿವಿನ ವೇಗ ಅಳೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಜೆಕ್ಟ್ ಸಮಯ ಬಂತೆಂದರೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಎಂಜಿನಿಯರಿಂಗ್ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳು ಪಾರ್ಟಿಕಲ್ ಇಮೇಜ್ ವೆಲಾಸಿಮೆಟ್ರಿ ಬಗ್ಗೆ ಕೇಳುತ್ತಾರೆ. ಲ್ಯಾಬಿನಲ್ಲಿ ಎಲ್ಲರೂ ಪಿಐವಿ ಅಂತಲೇ ಕರೆಯುವುದು. ಈಗೀಗ ವಾಲ್ವ್ ಕಾರ್ಖಾನೆಯವರೂ, ಹಳ್ಳದ ದಂಡೆಯ ರೈತರೂ ಕೇಳುತ್ತಿದ್ದಾರೆ. ಹಾಗೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಹರಿವಿನ ದಿಕ್ಕು, ವೇಗ ತೋರಿಸುವ ಬಣ್ಣಬಣ್ಣದ ಬಾಣಗಳ ಚಿತ್ರ ಈಗ ಯಾರಿಗೆ ಬೇಕಾದರೂ ಸಿಗುತ್ತದೆ. ಆ ಬಾಣದ ಹಿಂದಿನ ಅಂಕಿಯನ್ನು ನಂಬಬಹುದಾ ಅನ್ನುವುದೇ ನನಗೆ ಮುಖ್ಯ. ಅದಕ್ಕೇ ಉತ್ತರಗಳೆಲ್ಲ ಆ ಕಡೆಗೇ ವಾಲಿವೆ.

ಸರ್, ಪಿಐವಿಯಲ್ಲಿ ನಿಜವಾಗಿ ಮಾಡುವುದೇನು?

ನೀರಿಗೆ ಸಣ್ಣ ಸಣ್ಣ ಕಣ ಬೆರೆಸುತ್ತೇವೆ. ಲೇಸರನ್ನು ಹಾಳೆಯಷ್ಟು ತೆಳ್ಳಗೆ ಹರಡಿ ನೀರಿನ ಒಂದು ಪದರಕ್ಕೆ ಮಾತ್ರ ಬೆಳಕು ಬೀಳುವಂತೆ ಮಾಡುತ್ತೇವೆ. ಸ್ವಲ್ಪವೇ ಸಮಯದ ಅಂತರದಲ್ಲಿ ಎರಡು ಫೋಟೊ ತೆಗೆಯುತ್ತೇವೆ. ಕಣಗಳು ಎಷ್ಟು ಸರಿದವು ಅಂತ ಕಂಪ್ಯೂಟರ್ ಹುಡುಕುತ್ತದೆ. ಸರಿದ ದೂರವನ್ನು ಸಮಯದಿಂದ ಭಾಗಿಸಿದರೆ ವೇಗ. ನಮ್ಮ ಕಡೆಯ ಹಳೇ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ಧೂಳು ತೇಲುವುದನ್ನು ನೋಡಿದ್ದೀರಿ ಅಲ್ವಾ? ಗಾಳಿ ಕಾಣುವುದಿಲ್ಲ, ಧೂಳಿನಿಂದ ಅದು ಎತ್ತ ಹೋಗುತ್ತಿದೆ ಅಂತ ಗೊತ್ತಾಗುತ್ತದೆ. ಇಲ್ಲಿಯೂ ಅದೇ ಕೆಲಸ, ಅಳತೆ ಸಮೇತ.

ಯಾವ ಪುಡಿ ಹಾಕಬೇಕು? ರಂಗೋಲಿ ಪುಡಿ ನಡೆಯುತ್ತದಾ?

ನಡೆಯುವುದಿಲ್ಲ. ಯಾಕೆ ಅಂತ ಲೆಕ್ಕ ಹಾಕಿಯೇ ನೋಡೋಣ, ಯಾಕೆಂದರೆ ಅರ್ಧ ಪ್ರಾಜೆಕ್ಟುಗಳು ಕೆಡುವುದು ಇಲ್ಲೇ.

ರಂಗೋಲಿ ಪುಡಿ ಕಲ್ಲಿನ ಪುಡಿ. ನೀರಿಗಿಂತ ಸುಮಾರು 2.7 ಪಟ್ಟು ಭಾರ. ಅದರ ಒಂದು ಕಣ 100 ಮೈಕ್ರಾನ್, ಅಂದರೆ ಮಿ.ಮೀ.ನ ಹತ್ತನೇ ಒಂದು ಭಾಗ, ಇದೆ ಅಂದುಕೊಳ್ಳಿ. ಸಣ್ಣ ಕಣ ದ್ರವದಲ್ಲಿ ಇಳಿಯುವ ವೇಗ ಹೇಳುವ ಸ್ಟೋಕ್ಸ್ ಸೂತ್ರ ಹಾಕಿದರೆ ನಿಂತ ನೀರಿನಲ್ಲಿ ಅದು ಸೆಕೆಂಡಿಗೆ ಹೆಚ್ಚುಕಡಿಮೆ 9 ಮಿ.ಮೀ. ಕೆಳಗಿಳಿಯುತ್ತದೆ. ನಿಮ್ಮ ತೊಟ್ಟಿಯ ನೀರು ಸೆಕೆಂಡಿಗೆ 20 ಮಿ.ಮೀ. ಹರಿಯುತ್ತಿದ್ದರೆ, ನೀವು ಅಳೆದದ್ದು ನೀರಿನ ವೇಗವೋ, ಕಲ್ಲು ಬೀಳುವ ವೇಗವೋ? ಎರಡೂ ಕಲಸಿಹೋಗಿರುತ್ತದೆ. ಅದೇ 10 ಮೈಕ್ರಾನಿನ ಟೊಳ್ಳು ಗಾಜಿನ ಗೋಲಿಗಳನ್ನು ತೆಗೆದುಕೊಳ್ಳಿ. ಭಾರ ನೀರಿನ 1.1 ಪಟ್ಟು. ಅದು ಇಳಿಯುವ ವೇಗ ಸೆಕೆಂಡಿಗೆ 0.005 ಮಿ.ಮೀ. ಅಷ್ಟನ್ನು ಧೈರ್ಯವಾಗಿ ಬಿಟ್ಟುಬಿಡಬಹುದು.

ಪಾಲಿಅಮೈಡ್ ಪುಡಿಯೂ ಒಳ್ಳೆಯದು. ಸಾಂದ್ರತೆ 1.03ರ ಆಸುಪಾಸು, ಗಾತ್ರ 20ರಿಂದ 50 ಮೈಕ್ರಾನ್, ಹೀಗಾಗಿ ಮೊಬೈಲ್ ಕ್ಯಾಮೆರಾಕ್ಕೂ ಕಾಣುತ್ತದೆ. ಹಾಲು ಹಾಕಿ ನೋಡುವವರಿದ್ದಾರೆ. ಹಾಲಿನ ಕೊಬ್ಬಿನ ಕಣ ತೀರಾ ಸಣ್ಣದು, ಲೆಕ್ಕವಿಲ್ಲದಷ್ಟು ಇರುತ್ತವೆ. ನೀರು ಬೆಳ್ಳಗಾಗುತ್ತದೆ, ಬಿಡಿ ಚುಕ್ಕೆ ಒಂದೂ ಕಾಣುವುದಿಲ್ಲ.

ಪುಡಿಯನ್ನು ನೇರ ತೊಟ್ಟಿಗೆ ಸುರಿಯಬೇಡಿ. ಲೋಟದ ನೀರಿನಲ್ಲಿ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಪುಡಿ ಕದಡಿ, ಆಮೇಲೆ ಸೇರಿಸಿ. ಇಲ್ಲದಿದ್ದರೆ ಗಂಟುಗಟ್ಟಿ ಮೇಲೆಯೇ ತೇಲುತ್ತದೆ. ಕಂಪ್ಯೂಟರ್ ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ನೋಡುತ್ತದೆ. ಎಷ್ಟು ಹಾಕಬೇಕು ಅಂದರೆ, ಆ ಒಂದೊಂದು ಚೌಕದಲ್ಲಿ 5ರಿಂದ 10 ಕಣ ಕಾಣುವಷ್ಟು.

ಲೇಸರೇ ಯಾಕೆ? ಟಾರ್ಚ್ ಹಿಡಿದರೆ ಆಗದಾ?

ಟಾರ್ಚ್ ಹಿಡಿದರೆ ಹಿಂದಿನದು, ಮುಂದಿನದು, ನಡುವಿನದು ಎಲ್ಲ ಕಣವೂ ಒಟ್ಟಿಗೆ ಹೊಳೆಯುತ್ತವೆ. ಯಾವ ಪದರದ ವೇಗ ಅಂತ ಹೇಳಲು ಬರುವುದಿಲ್ಲ. ಲೇಸರಿನ ಕಿರಣ ಹರಡದೆ ಹೋಗುತ್ತದೆ. ಅದಕ್ಕೆ ಅಡ್ಡಲಾಗಿ ಒಂದು ಸಿಲಿಂಡ್ರಿಕಲ್ ಲೆನ್ಸ್ ಇಟ್ಟರೆ, ಅಥವಾ ಕೆಮಿಸ್ಟ್ರಿ ಲ್ಯಾಬಿನ ಗಾಜಿನ ಕಡ್ಡಿ ಇಟ್ಟರೂ ಸರಿ, ಕಿರಣ ಬೀಸಣಿಗೆಯಾಗಿ ಬಿಚ್ಚಿಕೊಂಡು 1 ಮಿ.ಮೀ. ಆಸುಪಾಸು ದಪ್ಪದ ಬೆಳಕಿನ ಹಾಳೆ ಆಗುತ್ತದೆ. ಟೈಲ್ಸ್ ಕೂರಿಸುವವರ ಹಸಿರು ಲೈನ್ ಲೇಸರ್ ಕೂಡ ಇದನ್ನೇ ಮಾಡುತ್ತದೆ. ಆದರೆ ಅದರ ಬೆಳಕು ತುಂಬ ಅಗಲಕ್ಕೆ ಹರಡಿ ಮಂಕಾಗಿರುತ್ತದೆ. ಕತ್ತಲೆ ಕೋಣೆಯಲ್ಲಿ ತೋರಿಸಲು ಸಾಕು, ಅಳೆಯಲು ಕಷ್ಟ.

ಹೈಸ್ಕೂಲ್ ಮಕ್ಕಳಿಗಾಗಿ ಮಾಡುತ್ತಿದ್ದರೆ ಲೇಸರ್ ಬೇಡವೇ ಬೇಡ. ಸಾಲಾಗಿ ಜೋಡಿಸಿದ ಜೋರು ಎಲ್‌ಇಡಿಗಳ ಮುಂದೆ ಸಣ್ಣ ಸೀಳು ಬಿಟ್ಟ ಕಪ್ಪು ರಟ್ಟು ಇಡಿ. ಹಾಳೆ ಕೆಲವು ಮಿ.ಮೀ. ದಪ್ಪ ಬರುತ್ತದೆ, ಅಳತೆ ಸ್ವಲ್ಪ ಒರಟಾಗುತ್ತದೆ, ಕಣ್ಣು ಉಳಿಯುತ್ತದೆ.

ಆನ್‌ಲೈನಿನಲ್ಲಿ ಹಸಿರು ಲೇಸರ್ ಪಾಯಿಂಟರ್ ಅಗ್ಗಕ್ಕೆ ಸಿಗುತ್ತದೆ. ತಗೊಳ್ಳಲಾ?

ಈ ಉತ್ತರವನ್ನು ದಯವಿಟ್ಟು ಪೂರ್ತಿ ಓದಿ. ಬೇರೆ ಯಾವುದನ್ನು ಬಿಟ್ಟರೂ ನಡೆದೀತು.

ಡಬ್ಬಿಯ ಮೇಲೆ 5 ಮಿಲಿವಾಟ್ ಅಂತ ಬರೆದಿರುತ್ತದೆ, ಒಳಗೆ ಅದಕ್ಕಿಂತ ಎಷ್ಟೋ ಜಾಸ್ತಿ ಇರಬಹುದು. 5 ಮಿಲಿವಾಟ್ ದಾಟಿದ ಲೇಸರ್ 3ಬಿ ವರ್ಗ, ಅಂದರೆ ಕಿರಣ ನೇರ ಕಣ್ಣಿಗೆ ಬಿದ್ದರೆ ಅಪಾಯ. 500 ಮಿಲಿವಾಟ್ ದಾಟಿದರೆ 4ನೇ ವರ್ಗ, ಅದರಲ್ಲಿ ಗೋಡೆಗೆ ತಗುಲಿ ಚದುರಿದ ಬೆಳಕೂ ಕಣ್ಣಿಗೆ ಕೆಟ್ಟದ್ದೇ. ರೆಪ್ಪೆ ಮುಚ್ಚಿಕೊಳ್ಳಲು ಕಾಲು ಸೆಕೆಂಡ್ ಬೇಕು. ಆ ಕಾಲು ಸೆಕೆಂಡು ನಮ್ಮನ್ನು ಕಾಯುವುದು ಸುಮಾರು 1 ಮಿಲಿವಾಟಿನ ತನಕ ಮಾತ್ರ. ಅಕ್ಷಿಪಟಲ ಸುಟ್ಟರೆ ನೋವೂ ಆಗುವುದಿಲ್ಲ, ಮರಳಿಯೂ ಬರುವುದಿಲ್ಲ.

ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿಲ್ಲ. ಈ ಪಾಯಿಂಟರುಗಳಲ್ಲಿ ಹಸಿರು ಬೆಳಕು ನೇರವಾಗಿ ಹುಟ್ಟುವುದಿಲ್ಲ. ಮೊದಲು 808 ನ್ಯಾನೊಮೀಟರಿನ ಬೆಳಕು, ಅದರಿಂದ 1064, ಆಮೇಲೆ ಒಂದು ಹರಳಿನಲ್ಲಿ ಅದು ಅರ್ಧವಾಗಿ 532ರ ಹಸಿರು. ಮೊದಲಿನ ಎರಡೂ ಇನ್‌ಫ್ರಾರೆಡ್, ಕಣ್ಣಿಗೆ ಕಾಣುವುದಿಲ್ಲ. ಅಗ್ಗದ ಪಾಯಿಂಟರಿನಲ್ಲಿ ಅವನ್ನು ತಡೆಯುವ ಫಿಲ್ಟರ್ ಇಲ್ಲದಿರುವುದುಂಟು. ಬೆಳಕು ಕಾಣದಿದ್ದರೆ ರೆಪ್ಪೆ ಮುಚ್ಚುವುದೂ ಇಲ್ಲ. 532ಕ್ಕೆ ಮಾತ್ರ ಅಂತ ಬರೆದ ಕನ್ನಡಕ ಆ ಎರಡನ್ನು ತಡೆಯುತ್ತದೆ ಅಂದುಕೊಳ್ಳಬೇಡಿ. ಕನ್ನಡಕದ ಮೇಲೆ ಮೂರೂ ಸಂಖ್ಯೆ ಇವೆಯಾ ಅಂತ ಓದಿ ನೋಡಿ.

ಹೀಗಾಗಿ, ಗುಣಮಟ್ಟದ ದಾಖಲೆ ಇರುವ ಲೇಸರನ್ನೇ ಕಾಲೇಜಿನ ಮೂಲಕ ತರಿಸಿ. ಬೆಳಕಿನ ಹಾಳೆ ಕೂತವರ ಕಣ್ಣಿನ ಎತ್ತರಕ್ಕೂ, ನಿಂತವರ ಕಣ್ಣಿನ ಎತ್ತರಕ್ಕೂ ಬರಬಾರದು. ಅದು ಹೋಗಿ ತಾಗುವ ಕಡೆ ಹೊಳಪಿಲ್ಲದ ಕಪ್ಪು ಬಣ್ಣದ ತಗಡು ಇಡಿ. ಉಂಗುರ, ಗಡಿಯಾರ, ಬಳೆ ತೆಗೆದಿಟ್ಟೇ ಒಳಗೆ ಬನ್ನಿ, ಏಕೆಂದರೆ ಅವುಗಳ ಮೇಲೆ ಬಿದ್ದ ಬೆಳಕು ಎತ್ತ ಚಿಮ್ಮುತ್ತದೆ ಅಂತ ಹೇಳಲಾಗದು. ಬಾಗಿಲಿಗೆ ಬೋರ್ಡ್ ಹಾಕಿ. ಒಬ್ಬರೇ ಇದ್ದಾಗ ಲೇಸರ್ ಹಚ್ಚಬೇಡಿ.

ಮೊಬೈಲ್ ಕ್ಯಾಮೆರಾ ಸಾಕಾ?

ನಿಧಾನ ಹರಿವಿಗೆ ಸಾಕು. ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಚಿತ್ರ ಬರುತ್ತದೆ ಅನ್ನೋಣ. ಸ್ಟೀಲ್ ಸ್ಕೇಲನ್ನು ಬೆಳಕಿನ ಹಾಳೆ ಇರುವ ಜಾಗದಲ್ಲೇ, ನೀರಿನೊಳಗೇ ಇಟ್ಟು ಒಂದು ಫೋಟೊ ತೆಗೆಯಿರಿ. 1 ಮಿ.ಮೀ.ಗೆ 10 ಪಿಕ್ಸೆಲ್ ಬಂತು ಅಂದುಕೊಳ್ಳಿ. ಕಣ ಒಂದು ಚಿತ್ರದಿಂದ ಮುಂದಿನದಕ್ಕೆ 4 ಪಿಕ್ಸೆಲ್ ಸರಿದರೆ 0.4 ಮಿ.ಮೀ. ಅದನ್ನು 240ರಿಂದ ಗುಣಿಸಿ: ಸೆಕೆಂಡಿಗೆ 96 ಮಿ.ಮೀ.

ಮೇಲಿನ ಮಿತಿಯೂ ಇದೆ. ಚೌಕದ ಅಗಲದ ಕಾಲು ಭಾಗಕ್ಕಿಂತ ಜಾಸ್ತಿ ಕಣ ಸರಿಯಬಾರದು. 32 ಪಿಕ್ಸೆಲ್ ಚೌಕಕ್ಕೆ 8 ಪಿಕ್ಸೆಲ್. ಅಂದರೆ ಈ ವ್ಯವಸ್ಥೆಯಲ್ಲಿ ಸೆಕೆಂಡಿಗೆ 192 ಮಿ.ಮೀ. ತನಕ. ಅದಕ್ಕಿಂತ ಜೋರಿದ್ದರೆ ಕಣ ಚೌಕ ಬಿಟ್ಟೇ ಹೋಗುತ್ತದೆ, ಕಂಪ್ಯೂಟರಿಗೆ ಜೋಡಿ ಸಿಗುವುದಿಲ್ಲ. ಚಿತ್ರ ತೆಗೆಯುತ್ತಿರುವಾಗ ಹೊಳಪು, ಫೋಕಸ್ ತಾವೇ ಬದಲಾಗದಂತೆ ಎರಡನ್ನೂ ಲಾಕ್ ಮಾಡಿ. ಸ್ಟ್ಯಾಂಡ್ ಗಟ್ಟಿಯಿರಲಿ. ಮೊಬೈಲ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ ಅನ್ನುವುದೂ ನೆನಪಿರಲಿ. ಜೋರು ಹರಿವಿನಲ್ಲಿ ಇದರಿಂದಲೇ ತಪ್ಪು ಬರುತ್ತದೆ.

ಹಾಗಾದರೆ ದೊಡ್ಡ ಲ್ಯಾಬುಗಳಲ್ಲಿ ಜೋರು ಹರಿವನ್ನು ಹೇಗೆ ಅಳೆಯುತ್ತಾರೆ?

ಗಾಳಿ ಸೆಕೆಂಡಿಗೆ 20 ಮೀಟರ್ ಬೀಸುತ್ತಿದೆ, 1 ಮಿ.ಮೀ.ಗೆ 20 ಪಿಕ್ಸೆಲ್ ಇದೆ ಅನ್ನಿ. 8 ಪಿಕ್ಸೆಲ್ ಸರಿಯಬೇಕೆಂದರೆ ಎರಡು ಚಿತ್ರಗಳ ನಡುವೆ 20 ಮೈಕ್ರೊಸೆಕೆಂಡ್ ಅಂತರ ಬೇಕು. ಮೊಬೈಲಿಗೆ ಇದು ಸಾಧ್ಯವೇ ಇಲ್ಲ. ಅಲ್ಲಿ ಎರಡು ಮಿಂಚು ಹೊಡೆಯುವ ನಿಯೊಡಿಮಿಯಂ-ಯಾಗ್ ಲೇಸರ್ ಇರುತ್ತದೆ. ಒಂದೊಂದು ಮಿಂಚು ಕೆಲವೇ ನ್ಯಾನೊಸೆಕೆಂಡ್. ಮೊದಲ ಮಿಂಚನ್ನು ಮೊದಲ ಚಿತ್ರದ ಕೊನೇ ಗಳಿಗೆಯಲ್ಲಿ, ಎರಡನೆಯದನ್ನು ಎರಡನೇ ಚಿತ್ರ ಶುರುವಾದ ಕೂಡಲೇ ಹೊಡೆಯುತ್ತಾರೆ. ಹೀಗೆ ಕ್ಯಾಮೆರಾ ಸೆಕೆಂಡಿಗೆ 15 ಜೋಡಿ ಮಾತ್ರ ತೆಗೆದರೂ ಜೋಡಿಯೊಳಗಿನ ಅಂತರ ಮೈಕ್ರೊಸೆಕೆಂಡಿಗೆ ಇಳಿಯುತ್ತದೆ. ಎಷ್ಟು ಜಾಣ ಉಪಾಯ ನೋಡಿ! ಖರ್ಚು ಮಾತ್ರ ಹತ್ತಾರು ಲಕ್ಷ ರೂಪಾಯಿ.

ಕಂಪ್ಯೂಟರ್ ಒಂದೊಂದೇ ಕಣವನ್ನು ಗುರುತು ಹಿಡಿಯುತ್ತದಾ?

ಇಲ್ಲ. ಕಣಗಳೆಲ್ಲ ಒಂದೇ ಥರ, ಗುರುತು ಹಿಡಿಯುವುದು ಹೇಗೆ? ಅದು ಗುಂಪನ್ನು ನೋಡುತ್ತದೆ. ಮೊದಲ ಚಿತ್ರದಿಂದ 32 ಪಿಕ್ಸೆಲ್ ಚೌಕ ಒಂದನ್ನು ತೆಗೆದು ಎರಡನೇ ಚಿತ್ರದ ಮೇಲೆ ಜರುಗಿಸುತ್ತ ಹೋಗುತ್ತದೆ. ಪ್ರತಿ ಜಾಗದಲ್ಲೂ ಎರಡು ಚಿತ್ರಗಳ ಹೊಳಪನ್ನು ಪಿಕ್ಸೆಲಿಗೆ ಪಿಕ್ಸೆಲ್ ಗುಣಿಸಿ, ಎಲ್ಲವನ್ನೂ ಕೂಡಿಸುತ್ತದೆ. ಚುಕ್ಕೆಗಳ ಮೇಲೆ ಚುಕ್ಕೆಗಳು ಸರಿಯಾಗಿ ಕೂತಾಗ ಮೊತ್ತ ದಿಢೀರನೆ ಏರುತ್ತದೆ. ಆ ಶಿಖರ ಬಲಕ್ಕೆ 5, ಕೆಳಕ್ಕೆ 1 ಪಿಕ್ಸೆಲ್ ದೂರದಲ್ಲಿದ್ದರೆ ಗುಂಪು ಅಷ್ಟು ಸರಿದಿದೆ ಎಂದರ್ಥ. ಇದೇ ಕ್ರಾಸ್ ಕೋರಿಲೇಶನ್. ಲೆಕ್ಕ ಬೇಗ ಮುಗಿಯಲಿ ಅಂತ ಫೂರಿಯೆ ರೂಪಾಂತರ ಬಳಸುತ್ತಾರೆ.

ಇಷ್ಟಕ್ಕೇ ನಿಂತಿದ್ದರೆ ಉತ್ತರ ಪೂರ್ಣಾಂಕದಲ್ಲೇ ಬರುತ್ತಿತ್ತು. ಶಿಖರದ ಅಕ್ಕಪಕ್ಕದ ಎರಡು ಮೊತ್ತಗಳನ್ನೂ ನೋಡಿ, ಮೂರರ ಮೇಲೆ ಗಂಟೆಯ ಆಕಾರದ ಗಾಸಿಯನ್ ವಕ್ರರೇಖೆ ಕೂರಿಸಿದರೆ ನಿಜವಾದ ತುದಿ 5.3ರಲ್ಲಿದೆ ಅಂತ ಗೊತ್ತಾಗುತ್ತದೆ. ಪಿಕ್ಸೆಲಿನ ಹತ್ತನೇ ಒಂದು ಭಾಗದವರೆಗೂ ಹೀಗೆ ಹಿಡಿಯಬಹುದು. ಈ ವಿಧಾನದ ನಿಜವಾದ ಬಲ ಇದು ಅಂತ ನನ್ನ ಅಭಿಪ್ರಾಯ.

1920 ಗುಣಿಸು 1080ರ ಚಿತ್ರದಲ್ಲಿ ಚೌಕವನ್ನು 16 ಪಿಕ್ಸೆಲ್ ಹೆಜ್ಜೆಯಲ್ಲಿ ಸರಿಸಿದರೆ 7,800ಕ್ಕೂ ಜಾಸ್ತಿ ಬಾಣ ಬರುತ್ತವೆ. ಚೌಕಗಳು ಅರ್ಧರ್ಧ ಒಂದರ ಮೇಲೊಂದು ಬೀಳುವುದರಿಂದ ಪಕ್ಕದ ಬಾಣಗಳು ಒಂದೇ ಕಣಗಳನ್ನು ಹಂಚಿಕೊಂಡಿರುತ್ತವೆ. ಅವೆಲ್ಲವನ್ನೂ ಬೇರೆ ಬೇರೆ ಅಳತೆ ಅಂತ ಎಣಿಸಬೇಡಿ.

ಸಾಫ್ಟ್‌ವೇರ್ ಯಾವುದು?

ಪಿಐವಿಲ್ಯಾಬ್, ಓಪನ್‌ಪಿಐವಿ. ಎರಡೂ ಉಚಿತ. ಮೊದಲನೆಯದು ಮ್ಯಾಟ್‌ಲ್ಯಾಬಿಗಾಗಿ ಮಾಡಿದ್ದು, ಗುಂಡಿ ಒತ್ತಿ ಕೆಲಸ ಮಾಡಬಹುದು. ಎರಡನೆಯದನ್ನು ಪೈಥಾನಿನಲ್ಲಿ ಬಳಸಬಹುದು. ಪೈಥಾನ್ ಗೊತ್ತಿದ್ದವರು ಒಂದು ಸಲವಾದರೂ ಕೋರಿಲೇಶನ್ನನ್ನು ತಾವೇ ಬರೆಯಿರಿ. ಇಪ್ಪತ್ತು-ಮೂವತ್ತು ಸಾಲಿನ ಕೆಲಸ, ಆದರೆ ಆಮೇಲೆ ಸಾಫ್ಟ್‌ವೇರಿನ ಒಂದೊಂದು ಗುಂಡಿಯೂ ಅರ್ಥವಾಗುತ್ತದೆ.

ಬಾಣಗಳು ಚೆನ್ನಾಗಿ ಬಂದವು ಸರ್. ರಿಪೋರ್ಟಿಗೆ ಹಾಕಬಹುದಾ?

ಈಗಲೇ ಬೇಡ. ಸಾಫ್ಟ್‌ವೇರ್ ಯಾವ ಎರಡು ಚಿತ್ರ ಕೊಟ್ಟರೂ ಬಾಣ ಬಿಡಿಸಿಯೇ ಕೊಡುತ್ತದೆ. ಎರಡು ಬೇರೆ ಬೇರೆ ಪ್ರಯೋಗದ ಚಿತ್ರ ಕೊಟ್ಟು ನೋಡಿ, ಆಗಲೂ ಕೊಡುತ್ತದೆ.

ಮೊದಲು ನೀರು ಪೂರ್ತಿ ನಿಂತ ಮೇಲೆ ಒಂದು ಅಳತೆ ಮಾಡಿ. ಉತ್ತರ ಸೊನ್ನೆಯ ಹತ್ತಿರ ಬರಬೇಕು. ಆಮೇಲೆ ಚುಕ್ಕೆ ಮುದ್ರಿಸಿದ ಕಾಗದವನ್ನು ಒಂದು ತಟ್ಟೆಗೆ ಅಂಟಿಸಿ, ಸ್ಟೆಪ್ಪರ್ ಮೋಟರಿನಿಂದ ನಿಮಿಷಕ್ಕೆ 30 ಸುತ್ತು ತಿರುಗಿಸಿ, ಅದನ್ನೇ ಚಿತ್ರ ತೆಗೆಯಿರಿ. ನಡುವಿನಿಂದ 50 ಮಿ.ಮೀ. ದೂರದಲ್ಲಿ ವೇಗ ಸೆಕೆಂಡಿಗೆ 157 ಮಿ.ಮೀ. ಇರಲೇಬೇಕು. ನಿಮ್ಮ ವ್ಯವಸ್ಥೆ 140 ಅಂತ ತೋರಿಸಿದರೆ ಸ್ಕೇಲಿನಲ್ಲೋ ಸಮಯದಲ್ಲೋ ದೋಷ ಇದೆ. ಕೊಳವೆಯ ಹರಿವಾದರೆ ಬಕೆಟ್ ಮತ್ತು ಸ್ಟಾಪ್‌ವಾಚ್ ಸಾಕು. ನಿಮಿಷಕ್ಕೆ ಎಷ್ಟು ಲೀಟರ್ ಬಂತು ಅಂತ ಹಿಡಿದು, ಬಾಣಗಳಿಂದ ಬಂದ ಲೆಕ್ಕದ ಜೊತೆ ಹೋಲಿಸಿ. ಈ ಹೋಲಿಕೆ ಇರುವ ಸಣ್ಣ ರಿಪೋರ್ಟ್ ನನಗೆ ನೂರು ಬಣ್ಣದ ಚಿತ್ರಗಳಿಗಿಂತ ದೊಡ್ಡದು.

ಹತ್ತನೇ ಒಂದು ಪಿಕ್ಸೆಲ್ ತಪ್ಪು ಇದ್ದೇ ಇರುತ್ತದೆ ಅನ್ನುವುದನ್ನೂ ಮರೆಯಬೇಡಿ. ಕಣ 5 ಪಿಕ್ಸೆಲ್ ಸರಿದಿದ್ದರೆ ಅದು ಶೇ 2. ಅರ್ಧ ಪಿಕ್ಸೆಲ್ ಮಾತ್ರ ಸರಿದಿದ್ದರೆ ಶೇ 20! ಹರಿವು ನಿಧಾನ ಇದ್ದ ಕಡೆ ಎರಡು, ಮೂರು ಚಿತ್ರ ಬಿಟ್ಟು ಜೋಡಿ ಮಾಡಿ. ಇನ್ನು, ಸರಿದ ದೂರಗಳೆಲ್ಲ 3, 4, 5 ಅಂತ ಪೂರ್ಣಾಂಕದ ಹತ್ತಿರವೇ ಗುಂಪುಗೂಡಿದ್ದರೆ ಕಣದ ಚಿತ್ರ ಎರಡು ಪಿಕ್ಸೆಲಿಗಿಂತ ಸಣ್ಣದಾಗಿದೆ. ಲೆನ್ಸಿನ ಅಪರ್ಚರ್ ಅಥವಾ ದೂರ ಬದಲಿಸಿ.

ನೆರೆಯ ಬಾಣಗಳ ಜೊತೆ ಹೊಂದದ ಬಾಣವನ್ನು ಸಾಫ್ಟ್‌ವೇರ್ ತೆಗೆದು, ಖಾಲಿ ಜಾಗವನ್ನು ಸರಾಸರಿಯಿಂದ ತುಂಬುತ್ತದೆ. ಅಲ್ಲೊಂದು ಇಲ್ಲೊಂದು ಆದರೆ ಪರವಾಗಿಲ್ಲ. ನೂರಕ್ಕೆ ಐದಕ್ಕಿಂತ ಜಾಸ್ತಿ ತುಂಬಿದ್ದರೆ ಪ್ರಯೋಗವನ್ನೇ ಮತ್ತೆ ಮಾಡುವುದು ಒಳ್ಳೆಯದು.

ನಮ್ಮದು ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ವಾಲ್ವ್ ಮಾಡುವ ಘಟಕ. ನಮಗೆ ಇದರಿಂದ ಉಪಯೋಗ ಇದೆಯಾ?

ಖಂಡಿತ ಇದೆ. ವಾಲ್ವ್ ಅರ್ಧ ತೆರೆದಾಗ ಅದರ ಹಿಂದೆ ನೀರು ಎಲ್ಲಿ ಸುಳಿ ಸುತ್ತುತ್ತದೆ, ಸೀಟಿನ ಯಾವ ಅಂಚಿಗೆ ಜೋರಾಗಿ ಬಡಿಯುತ್ತದೆ ಅನ್ನುವುದನ್ನು ಒತ್ತಡದ ಗೇಜ್ ಹೇಳುವುದಿಲ್ಲ. ಎರಕದ ವಾಲ್ವಿನೊಳಗೆ ಬೆಳಕು ಹೋಗುವುದಿಲ್ಲವಲ್ಲ, ಅದಕ್ಕೇ ಅಕ್ರಿಲಿಕ್ಕಿನಲ್ಲಿ ಮಾದರಿ ಕೊರೆಸಬೇಕು. ಮಾದರಿಯಲ್ಲೂ ನಿಜವಾದ ವಾಲ್ವಿನಲ್ಲೂ ರೆನಾಲ್ಡ್ಸ್ ಸಂಖ್ಯೆ (ವೇಗ ಗುಣಿಸು ಅಗಲ, ಭಾಗಿಸು ದ್ರವದ ಸ್ನಿಗ್ಧತೆ) ಒಂದೇ ಇರಬೇಕು, ಆಗ ಹರಿವಿನ ರೀತಿ ಒಂದೇ ಇರುತ್ತದೆ. ನಿಮ್ಮ 100 ಮಿ.ಮೀ. ಪೈಪಿನಲ್ಲಿ ನೀರು ಸೆಕೆಂಡಿಗೆ 2 ಮೀಟರ್ ಹೋದರೆ ಆ ಸಂಖ್ಯೆ ಸುಮಾರು 2 ಲಕ್ಷ. 50 ಮಿ.ಮೀ. ಮಾದರಿಯಲ್ಲಿ ಅದೇ ನೀರನ್ನು 4 ಮೀಟರ್ ವೇಗದಲ್ಲಿ ಬಿಡಬೇಕು.

ತೊಡಕು ಬರುವುದು ಗುಂಡನೆಯ ಗೋಡೆಯಿಂದ. ಬೆಳಕು ಬಾಗಿ ಗೋಡೆ ಹತ್ತಿರದ ಚಿತ್ರ ಸೊಟ್ಟಗಾಗುತ್ತದೆ. ಮಾದರಿಯ ಸುತ್ತ ಚೌಕನೆಯ ಅಕ್ರಿಲಿಕ್ ಡಬ್ಬಿ ಕಟ್ಟಿ ನೀರು ತುಂಬಿ, ಬಹಳಷ್ಟು ಸರಿಹೋಗುತ್ತದೆ. ಬೆಳಕನ್ನು ಎಷ್ಟು ಬಾಗಿಸುತ್ತದೆ ಅಂತ ಹೇಳುವ ವಕ್ರೀಭವನ ಸೂಚ್ಯಂಕ ಅಕ್ರಿಲಿಕ್ಕಿನದು 1.49, ನೀರಿನದು 1.33. ಇನ್ನೂ ನಿಖರ ಬೇಕೆಂದರೆ ನೀರಿನ ಬದಲು ಸೋಡಿಯಂ ಅಯೊಡೈಡ್ ದ್ರಾವಣ ಬಳಸಿ 1.49ರ ಸಮಕ್ಕೆ ತರುತ್ತಾರೆ. ಆಗ ಗೋಡೆಯೇ ಕಾಣೆಯಾದ ಹಾಗೆ ಆಗುತ್ತದೆ. ಆ ರಾಸಾಯನಿಕ ದುಬಾರಿ, ಮೊದಲು ನೀರಿನ ಡಬ್ಬಿಯಿಂದಲೇ ಶುರು ಮಾಡಿ.

ಗದಗದ ಕಪ್ಪತಗುಡ್ಡದ ಗಾಳಿಯಂತ್ರಗಳ ಹಿಂದಿನ ಗಾಳಿಯನ್ನು ಹೀಗೆ ಅಳೆಯಬಹುದಾ?

ಅಷ್ಟು ದೊಡ್ಡ ಜಾಗಕ್ಕೆ ಕಣ ತುಂಬುವುದೇ ಕಷ್ಟ. ಅಮೆರಿಕದ ಮಿನೆಸೋಟದಲ್ಲಿ ಸಂಶೋಧಕರು ರಾತ್ರಿ ಬೀಳುವ ಹಿಮವನ್ನೇ ಕಣವಾಗಿ ಬಳಸಿ 2.5 ಮೆಗಾವಾಟ್ ಯಂತ್ರದ ಹಿಂದಿನ ಸುಳಿಗಳನ್ನು ಅಳೆದರು, 2014ರಲ್ಲಿ ಪ್ರಕಟಿಸಿದರು. ನಮ್ಮಲ್ಲಿ ಹಿಮ ಎಲ್ಲಿಂದ ತರೋಣ? ವಿಂಡ್ ಟನೆಲ್‌ನಲ್ಲಿ ಸಣ್ಣ ಮಾದರಿ ಇಡಿ. ಕಣಕ್ಕೆ ಮದುವೆ ಸ್ಟೇಜಿನಲ್ಲಿ ಹೊಗೆ ಬಿಡುವ ಮಷಿನ್ ತನ್ನಿ. ಅದರ ಹನಿಗಳು ಸಣ್ಣವು, ಗಾಳಿಯ ಜೊತೆಗೇ ಹೋಗುತ್ತವೆ.

ಬೆಣ್ಣಿಹಳ್ಳ ಬಂದಾಗ ಎಷ್ಟು ನೀರು ಹೋಗುತ್ತದೆ ಅಂತ ವಿಡಿಯೊದಿಂದ ಹೇಳಬಹುದಾ?

ಈ ಪ್ರಶ್ನೆ ಕೇಳಿದ್ದು ನವಲಗುಂದ ಕಡೆಯವರು. ಮನಸ್ಸಿಗೆ ಹತ್ತಿರವಾದ ಪ್ರಶ್ನೆ, ಯಾಕೆಂದರೆ ಬೆಣ್ಣಿಹಳ್ಳ ಒಂದೇ ರಾತ್ರಿಯಲ್ಲಿ ಎರೆಹೊಲಗಳನ್ನು ನುಂಗುತ್ತದೆ. ಆ ಹೊತ್ತಿಗೆ ನೀರಿಗೆ ಮೀಟರ್ ಇಳಿಸುವುದು ಜೀವಕ್ಕೆ ಅಪಾಯ. ಜಾಲಿಕಂಟಿ, ದಿಮ್ಮಿ ಎಲ್ಲ ಕೊಚ್ಚಿಕೊಂಡು ಬರುತ್ತಿರುತ್ತವೆ.

ಹೌದು, ಹೇಳಬಹುದು. ಇದಕ್ಕೆ ಲೇಸರ್ ಬೇಕಿಲ್ಲ. ಹಗಲಿನ ಬೆಳಕು, ನೊರೆ, ಕಸ, ಅಂತರಗಂಗೆ ಇವೇ ಸಾಕು. ನೀರು ಎಷ್ಟು ಕೆಸರಾಗಿದ್ದರೂ ತೊಂದರೆ ಇಲ್ಲ, ಏಕೆಂದರೆ ನೋಡುವುದು ಮೇಲ್ಮೈಯನ್ನು ಮಾತ್ರ. ಜಪಾನಿನ ಫುಜಿತಾ, ಜೊತೆಗೆ ಮುಸ್ತೆ ಮತ್ತು ಕ್ರೂಗರ್ 1998ರಲ್ಲಿ ಪ್ರಕಟಿಸಿದ ಲೇಖನದಿಂದ ಈ ವಿಧಾನ ಹೆಸರಾಯಿತು.

ಮಾಡುವುದು ಹೀಗೆ. ಬೇಸಿಗೆಯಲ್ಲಿ, ಹಳ್ಳ ಒಣಗಿದಾಗಲೇ, ಸೇತುವೆ ಹತ್ತಿರದ ಹಳ್ಳದ ಅಡ್ಡಕೊಯ್ತವನ್ನು ಅಳೆದಿಡಿ. ಎರಡೂ ದಂಡೆಯಲ್ಲಿ ಸೇರಿ ಕಡಿಮೆ ಅಂದರೂ ನಾಲ್ಕು ಗುರುತು ಮಾಡಿ, ನಡುವಿನ ದೂರ ಬರೆದಿಟ್ಟುಕೊಳ್ಳಿ. ಕ್ಯಾಮೆರಾ ಓರೆಯಾಗಿ ನೋಡುವುದರಿಂದ ದೂರದ ನೀರು ಚಿತ್ರದಲ್ಲಿ ಕುಗ್ಗಿರುತ್ತದೆ, ಆ ನಾಲ್ಕು ಗುರುತುಗಳಿಂದ ಅದನ್ನು ಮೇಲಿನಿಂದ ನೋಡಿದಂತೆ ಸರಿಪಡಿಸಬಹುದು. ಗುರುತುಗಳು ನೀರಿನ ಮಟ್ಟಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಹಳ್ಳ ಬಂದಾಗ ಎತ್ತರದ, ಸುರಕ್ಷಿತ ಜಾಗದಿಂದ ಸ್ಟ್ಯಾಂಡಿನ ಮೇಲೆ ಒಂದೆರಡು ನಿಮಿಷ ವಿಡಿಯೊ ತೆಗೆಯಿರಿ. ಸೇತುವೆಯ ಕಂಬವೋ ದಂಡೆಯೋ ಚಿತ್ರದಲ್ಲಿ ಇರಲಿ, ಕ್ಯಾಮೆರಾ ಅಲುಗಿದ್ದರೆ ಅದರಿಂದ ಸರಿಪಡಿಸಬಹುದು.

ಮೇಲ್ಮೈ ವೇಗ ತಳದವರೆಗಿನ ಸರಾಸರಿಗಿಂತ ಜಾಸ್ತಿ. ಸಾಮಾನ್ಯವಾಗಿ 0.85ರಿಂದ ಗುಣಿಸುತ್ತಾರೆ. ಮೇಲ್ಮೈ ವೇಗ ಸೆಕೆಂಡಿಗೆ 2 ಮೀಟರ್ ಬಂದರೆ ಸರಾಸರಿ 1.7. ನೀರಿನ ಅಡ್ಡಕೊಯ್ತ 60 ಚದರ ಮೀಟರ್ ಇದ್ದರೆ ಸೆಕೆಂಡಿಗೆ 102 ಘನ ಮೀಟರ್ ನೀರು. ಗಾಳಿ ಜೋರಾಗಿದ್ದರೆ ಮೇಲ್ಮೈಯನ್ನು ಅದೇ ತಳ್ಳುತ್ತದೆ, ತಪ್ಪು ಹೆಚ್ಚುತ್ತದೆ. ಇದ್ದಲ್ಲೇ ನಿಂತು ಕುಣಿಯುವ ಅಲೆಗಳೂ ಮೋಸ ಮಾಡುತ್ತವೆ, ಸಾಫ್ಟ್‌ವೇರ್ ಅವನ್ನು ನಿಂತ ನೀರು ಅಂದುಕೊಳ್ಳುತ್ತದೆ.

ಮಲಪ್ರಭಾ ಕಾಲುವೆಯಲ್ಲೂ ಇದನ್ನು ಕಲಿಯಬಹುದು. ಅಲ್ಲಿ ಅಡ್ಡಕೊಯ್ತ ಮೊದಲೇ ಗೊತ್ತಿರುತ್ತದೆ. ನೀರು ನುಣ್ಣಗೆ ಹರಿಯುತ್ತಿದ್ದು ಮೇಲೆ ಏನೂ ಕಾಣದಿದ್ದರೆ ಒಂದು ಚೀಲ ಚುರುಮುರಿ ಚೆಲ್ಲಿ. ಬೆಳ್ಳಗೆ ಕಾಣುತ್ತದೆ, ಮೀನಿಗೂ ತೊಂದರೆ ಇಲ್ಲ.

ಇದಕ್ಕೂ ಲೇಸರ್ ಡಾಪ್ಲರಿಗೂ ಏನು ವ್ಯತ್ಯಾಸ?

ಲೇಸರ್ ಡಾಪ್ಲರ್ ಹಳೆಯದು, 1964ರಲ್ಲಿ ಯೆ ಮತ್ತು ಕಮಿನ್ಸ್ ತೋರಿಸಿದ್ದು. ಅದು ಒಂದೇ ಬಿಂದುವಿನ ವೇಗವನ್ನು ಬಹಳ ನಿಖರವಾಗಿ, ಸತತವಾಗಿ ಹೇಳುತ್ತದೆ. ಪಿಐವಿ ಒಂದೇ ಕ್ಷಣದಲ್ಲಿ ಇಡೀ ಪದರದ್ದು ಹೇಳುತ್ತದೆ. ಕಣ ಹಾಕಿ ಹರಿವು ನೋಡುವುದಂತೂ ಇನ್ನೂ ಹಳೆಯದು. 1904ರ ಸುಮಾರಿಗೇ ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್ ಕೈಯಿಂದ ತಿರುಗಿಸುವ ನೀರಿನ ತೊಟ್ಟಿಯಲ್ಲಿ ಹೊಳೆಯುವ ಖನಿಜದ ಪುಡಿ ಹಾಕಿ ಸುಳಿ ನೋಡುತ್ತಿದ್ದರು. ಪಿಐವಿ ಅನ್ನುವ ಹೆಸರು 1984ರಲ್ಲಿ ಬಂತು. 1991ರಲ್ಲಿ ವಿಲ್ಲರ್ಟ್ ಮತ್ತು ಘರಿಬ್ ಫಿಲ್ಮ್ ಬಿಟ್ಟು ಡಿಜಿಟಲ್ ಚಿತ್ರದಿಂದಲೇ ಮಾಡಿ ತೋರಿಸಿದ ಮೇಲೆ ಎಲ್ಲ ಕಡೆ ಹಬ್ಬಿತು.

ಬೋರ್‌ವೆಲ್ ನೀರು ಹಾಕಿದರೆ ಗಾಜಿನ ಮೇಲೆ ಗುಳ್ಳೆ ಕೂರುತ್ತವೆ. ಏನು ಮಾಡಲಿ?

ನೀರನ್ನು ಹಿಂದಿನ ರಾತ್ರಿಯೇ ತುಂಬಿಡಿ. ಕರಗಿದ ಗಾಳಿ ಹೊರಬರುತ್ತದೆ, ನೀರು ಕೋಣೆಯ ಬಿಸಿಗೂ ಹೊಂದಿಕೊಳ್ಳುತ್ತದೆ. ಗಡಸು ನೀರಾದರೆ ಪ್ರಯೋಗ ಮುಗಿದ ಕೂಡಲೇ ಗಾಜು ಒರೆಸಿ, ಬಿಳಿ ಕಲೆ ಕೂತರೆ ಸುಲಭಕ್ಕೆ ಹೋಗುವುದಿಲ್ಲ. ಆರ್‌ಒ ನೀರು ಸಿಕ್ಕರೆ ಇನ್ನೂ ಒಳ್ಳೆಯದು.

ಮೊದಲ ಪ್ರಯೋಗ ಯಾವುದು ಮಾಡಲಿ?

ಉತ್ತರ ಮೊದಲೇ ಗೊತ್ತಿರುವುದನ್ನು ಮಾಡಿ. 60 ಸೆಂ.ಮೀ. ಉದ್ದದ ಮೀನಿನ ತೊಟ್ಟಿ, 10 ಮಿ.ಮೀ. ದಪ್ಪದ ದುಂಡು ಕಡ್ಡಿ. ಹಳೇ ಪ್ರಿಂಟರಿನ ಬೆಲ್ಟ್ ಮತ್ತು ಮೋಟರಿಗೆ ಕಡ್ಡಿ ಕಟ್ಟಿ, ಸೆಕೆಂಡಿಗೆ 5 ಸೆಂ.ಮೀ. ಹದವಾದ ವೇಗದಲ್ಲಿ ಎಳೆಯಿರಿ. ರೆನಾಲ್ಡ್ಸ್ ಸಂಖ್ಯೆ ಸುಮಾರು 500. ಈ ಮಟ್ಟದಲ್ಲಿ ಸ್ಟ್ರೌಹಾಲ್ ಸಂಖ್ಯೆ (ಸೆಕೆಂಡಿಗೆ ಕಳಚುವ ಸುಳಿ ಜೋಡಿ ಗುಣಿಸು ಕಡ್ಡಿಯ ದಪ್ಪ, ಭಾಗಿಸು ವೇಗ) 0.2ರ ಹತ್ತಿರ ಇರುತ್ತದೆ. ಅಂದರೆ ಕಡ್ಡಿಯ ಹಿಂದೆ ಸೆಕೆಂಡಿಗೆ ಒಂದು ಜೋಡಿ ಸುಳಿ, ಎಡಕ್ಕೊಂದು ಬಲಕ್ಕೊಂದು ಕಳಚಿಕೊಳ್ಳಬೇಕು. ಬೆಳಕಿನ ಹಾಳೆ ಅಡ್ಡಡ್ಡ ಇರಲಿ, ಕ್ಯಾಮೆರಾ ತೊಟ್ಟಿಯ ಅಡಿಯಿಂದ ಮೇಲೆ ನೋಡಲಿ, ಆಗ ನೀರಿನ ಮೇಲಿನ ತರಂಗ ಅಡ್ಡ ಬರುವುದಿಲ್ಲ. ಕಡ್ಡಿ ಹೊರಟ ಮೊದಲ ಒಂದೆರಡು ಸೆಕೆಂಡ್ ಬಿಟ್ಟುಬಿಡಿ, ಸುಳಿಗಳು ಇನ್ನೂ ಹೊಂದಿಕೊಳ್ಳುತ್ತಿರುತ್ತವೆ. ಒಂದು ಜೋಡಿಗೂ ಮುಂದಿನದಕ್ಕೂ 4ರಿಂದ 5 ಸೆಂ.ಮೀ. ದೂರ ಬಂತಾ ಅಂತ ಅಳೆದು, ಚಿತ್ರದ ಪಕ್ಕದಲ್ಲೇ ಅಂಕಿ ಬರೆದು ತನ್ನಿ, ಕೂತು ನೋಡೋಣ.